ಮಾವನ ದಿನದ ನೂರ ಎಂಬತ್ತು

ಮಾವನವರು ತಮ್ಮ ಹಳೆಯ ಕಾರನ್ನು ಅಳಿಯನ ಕೈಗೆ ಒಪ್ಪಿಸಿದ ದಿನ ಹೇಳಿದ್ದು ಒಂದೇ ಮಾತು. "ಅಳಿಯಂದ್ರೇ, ದಿನಾ ಬೆಳಗ್ಗೆ ಬಾನೆಟ್ ಎತ್ತಿ ನೀರು ನೋಡಿ. ಉಳಿದದ್ದನ್ನ ಅದೇ ನೋಡ್ಕೊಳ್ಳುತ್ತೆ."

ಅಳಿಯ "ಆಗಲಿ" ಎಂದು ಸುಮ್ಮನಾಗಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆದರೆ ಪಕ್ಕದಲ್ಲಿ ಹೆಂಡತಿ ನಿಂತಿದ್ದಳು, ಎದುರಿಗೆ ಮೂವತ್ತೆಂಟು ವರ್ಷ ರೈಲಿನ ಇಂಜಿನ್ ಓಡಿಸಿ ನಿವೃತ್ತರಾದ ಮಾವನವರು ನಿಂತಿದ್ದರು. ಅಂಥವರ ಮುಂದೆ ತೂಕ ಮತ್ತು ಅಳತೆ ಕಚೇರಿಯ ಗುಮಾಸ್ತನೊಬ್ಬ ತನ್ನ ಮರ್ಯಾದೆ ಉಳಿಸಿಕೊಳ್ಳಲು ಏನಾದರೂ ಹೇಳಲೇಬೇಕಿತ್ತು. "ಮಾವನವರೇ, ಯೋಚನೆ ಬಿಡಿ. ಇಂಜಿನ್ ಕೆಲಸ ನನಗೆ ಚೆನ್ನಾಗಿ ಬರುತ್ತೆ. ಮೆಕ್ಯಾನಿಕ್ ಕೈ ಇದರ ಮೇಲೆ ಬೀಳೋದಕ್ಕೆ ನಾನು ಬಿಡಲ್ಲ" ಎಂದುಬಿಟ್ಟರು.

ಇಂಜಿನ್ನಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅದು ಕಾರಿನ ಮುಂಭಾಗದಲ್ಲಿರುತ್ತದೆ ಎನ್ನುವುದು ಮಾತ್ರ.

ಬೀದಿಯಲ್ಲಿ ಅವರನ್ನು ಎಲ್ಲರೂ 'ಅಳತೆಯವರು' ಎಂದು ಕರೆಯುತ್ತಿದ್ದರು. ಅಂಗಡಿಗಳ ತಕ್ಕಡಿಗಳಿಗೂ ಲೀಟರ್ ಪಾತ್ರೆಗಳಿಗೂ ಮುದ್ರೆ ಒತ್ತಿ ಒತ್ತಿ, ಅವರಿಗೆ ಜಗತ್ತಿನಲ್ಲಿ ಯಾವುದೂ 'ಸುಮಾರು' ಎಂದು ಕಾಣುತ್ತಿರಲಿಲ್ಲ. ಹೆಂಡತಿ "ಸ್ವಲ್ಪ ಸಕ್ಕರೆ ಹಾಕ್ಲಾ" ಎಂದರೆ "ಎಷ್ಟು?" ಎಂದು ಕೇಳುವ ಮನುಷ್ಯ. ಹೆಂಡತಿ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳಾದ್ದರಿಂದ ಈ ಸಂಸಾರ ನಡೆದುಕೊಂಡು ಹೋಗುತ್ತಿತ್ತು.

ಕಾರು ಮನೆಗೆ ಬಂದ ಮೇಲೆ 'ಮಾವನವರ ಕಾರು' ಎನ್ನುವುದು ಎರಡೇ ವಾರದಲ್ಲಿ 'ಮಾವನ ಕಾರು' ಆಯಿತು, ಮೂರನೆಯ ವಾರ ಬರೀ 'ಮಾವ' ಆಯಿತು. "ಮಾವನ್ನ ನೆರಳಲ್ಲಿ ನಿಲ್ಲಿಸಿದೀನಿ", "ಮಾವನಿಗೆ ಗಾಳಿ ಕಮ್ಮಿ ಆಗಿದೆ" ಎಂದು ಅಳತೆಯವರು ಹೇಳುವುದು, "ಅಪ್ಪ ಬಂದಾಗ ಹೀಗೆಲ್ಲಾ ಅಂದ್ರೆ ಚೆನ್ನಾಗಿರಲ್ಲ ರೀ" ಎಂದು ಹೆಂಡತಿ ಗದರುವುದು ರೂಢಿಯಾಯಿತು. ಇದರಲ್ಲಿ ಗೊಂದಲಕ್ಕೆ ಜಾಗವಿಲ್ಲವೆಂದು ಅಳತೆಯವರ ವಾದ. ಏಕವಚನದಲ್ಲಿ ಹೇಳಿದರೆ ಕಾರು, ಬಹುವಚನದಲ್ಲಿ ಹೇಳಿದರೆ ಮನುಷ್ಯರು. ವ್ಯಾಕರಣ ಇಷ್ಟು ಸ್ಪಷ್ಟವಾಗಿರುವಾಗ ತಪ್ಪು ತಿಳಿಯುವವರು ಯಾರು?

ಮಾವ ನೀರು ಕುಡಿಯುತ್ತಾನೆ ಎಂಬುದು ನಾಲ್ಕನೆಯ ವಾರ ಗೊತ್ತಾಯಿತು.

ಇಂಜಿನ್ನನ್ನು ತಣ್ಣಗಿಡುವ ಹಸಿರು ನೀರಿಗೆ ಬಾನೆಟ್ಟಿನ ಕೆಳಗೆ ಒಂದು ಪ್ಲಾಸ್ಟಿಕ್ ಡಬ್ಬವಿರುತ್ತದೆ. ಅದರ ಮೇಲೆ ಇಷ್ಟಕ್ಕಿಂತ ಹೆಚ್ಚಿರಬಾರದು, ಇಷ್ಟಕ್ಕಿಂತ ಕಡಿಮೆಯಿರಬಾರದು ಎಂದು ಎರಡು ಗೆರೆ. ಈ ಎರಡು ಗೆರೆಗಳು ಅಳತೆಯವರಿಗೆ ಇಡೀ ಕಾರಿನಲ್ಲಿ ಅರ್ಥವಾದ ಏಕೈಕ ಭಾಗ. ನೀರು ದಿನಾ ಮೇಲಿನ ಗೆರೆಯಿಂದ ಕೆಳಗಿಳಿಯುತ್ತಿರುವುದನ್ನು ಕಂಡು, ತಕ್ಕಡಿಯಲ್ಲಿ ಮೋಸ ಮಾಡುವ ಅಂಗಡಿಯವನನ್ನು ಹಿಡಿಯುವ ಉತ್ಸಾಹದಿಂದ ಅವರು ಪತ್ತೇದಾರಿಕೆಗೆ ಇಳಿದರು.

ಮೊದಲು, ಮನೆಗೆ ಫ್ರಿಜ್ ಬಂದಿದ್ದ ರಟ್ಟಿನ ಡಬ್ಬ ಬಿಡಿಸಿ ಕಾರಿನ ಕೆಳಗೆ ಹಾಸಿದರು. ಬೆಳಗ್ಗೆ ನೋಡಿದರೆ ರಟ್ಟಿನ ಮೇಲೆ ಬೆಕ್ಕು ಮಲಗಿತ್ತು, ಹನಿ ಬಿದ್ದಿರಲಿಲ್ಲ. ಆಮೇಲೆ, ಎಲ್ಲಿ ಒದ್ದೆಯಾದರೂ ಗೆರೆ ಕಾಣುತ್ತದೆಂದು ಇಂಜಿನ್ನಿನ ಪೈಪುಗಳಿಗೆಲ್ಲ ಹೆಂಡತಿಯ ಪೌಡರ್ ಬಳಿದರು. ಒಂದು ಗೆರೆಯೂ ಮೂಡಲಿಲ್ಲ. ಅಳತೆಯವರು ಮಾತ್ರ ಕೂದಲಿಗೆಲ್ಲ ಪೌಡರ್ ಮೆತ್ತಿಕೊಂಡು ಕಚೇರಿಗೆ ಹೋಗಿ, ಮೇಲಧಿಕಾರಿಯಿಂದ "ಒಂದೇ ವಾರದಲ್ಲಿ ಎಷ್ಟು ವಯಸ್ಸಾಗಿಬಿಡ್ತಲ್ರೀ ನಿಮಗೆ" ಎಂಬ ಸಂತಾಪ ಪಡೆದರು. ಕೊನೆಗೆ ಕಚೇರಿಯಿಂದ ಮುದ್ರೆಯೊತ್ತಿದ ಅಳತೆಯ ಜಾಡಿಯನ್ನೇ ತಂದು ದಿನಾ ಬೆಳಗ್ಗೆ ಎಷ್ಟು ಸುರಿದರೆ ಮೇಲಿನ ಗೆರೆ ಮುಟ್ಟುತ್ತದೆಂದು ನೋಡಿದರು. ನೂರ ಎಂಬತ್ತು ಮಿಲಿಲೀಟರ್. ಐದು ದಿನ ನೋಡಿದರು. ಐದು ದಿನವೂ ನೂರ ಎಂಬತ್ತು. ಕಾರಿನ ಈ ಶಿಸ್ತಿಗೆ ಒಳಗೊಳಗೇ ಅವರಿಗೆ ಮೆಚ್ಚುಗೆಯಾಯಿತು.

ಮೇಲಿನ ಮನೆಯ ನಿವೃತ್ತ ಪೋಸ್ಟ್ ಮಾಸ್ಟರು ಆ ಕಟ್ಟಡದ ಸಂಘದ ಕಾರ್ಯದರ್ಶಿ. ಕಾರಿನ ಕೆಳಗಿನಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದಾಗ ಅವರು ಬಗ್ಗಿ ಕೇಳಿದರು.

"ಏನು ಸಾರ್, ತೊಂದರೆನಾ?"

"ಏನಿಲ್ಲ. ಸರ್ವೀಸ್ ಮಾಡ್ತಾ ಇದೀನಿ" ಎಂದವು ಕಾಲುಗಳು.

ಬುಧವಾರ ಮಾವನವರ ಫೋನು ಬಂತು. ಅವರು ಕೊನೆಗೆ ಓಡಿಸಿದ್ದ ಹಬೆಯ ಇಂಜಿನ್ನನ್ನು ಗುಡ್ಡದಾಚೆಯ ಹಳೆಯ ರೈಲ್ವೆ ಯಾರ್ಡಿನಲ್ಲಿ ರಿಪೇರಿ ಮಾಡಿದ್ದರಂತೆ. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಅದಕ್ಕೆ ಮತ್ತೆ ಬೆಂಕಿ ಹಾಕಿ, ಮೊದಲ ಸೀಟಿ ಊದಲು ಅವರನ್ನೇ ಕರೆದಿದ್ದರು.

"ಬಸ್ಸಲ್ಲಿ ಬಂದು ನಿಮ್ಮ ಹತ್ರ ಇಳೀತೀನಿ. ಅಲ್ಲಿಂದ ನನ್ನ ಕಾರಲ್ಲೇ ಹೋಗೋಣ" ಎಂದರು ಮಾವನವರು. ಅವರ ದನಿ ಮದುವೆ ಗೊತ್ತಾದ ಹುಡುಗನ ದನಿಯಂತಿತ್ತು. "ಏರು ದಾರಿ. ಕಾರು ಚೆನ್ನಾಗಿದೆ ತಾನೆ?"

"ರೈಲಿನ ಹಾಗಿದೆ" ಎಂದರು ಅಳತೆಯವರು. ಫೋನಿಟ್ಟು ಹೋಗಿ ಕಾರಿನ ಡಬ್ಬ ನೋಡಿದರು. ನೂರ ಎಂಬತ್ತು ಕಡಿಮೆಯಿತ್ತು.

ಇನ್ನು ಉಳಿದದ್ದು ಒಂದೇ ದಾರಿ. ಊರಿನಲ್ಲೊಬ್ಬ ಮೆಕ್ಯಾನಿಕ್ ಇದ್ದ. ಬಾನೆಟ್ಟಿಗೆ ಕಿವಿಯಿಟ್ಟು ಕಾಯಿಲೆ ಹೇಳುತ್ತಾನೆಂದು ಜನ ಅವನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಮನೆಯೊಳಗಿಂದ ಫೋನ್ ಮಾಡಿದರೆ ಹೆಂಡತಿಗೆ ಕೇಳಿಸುತ್ತದೆ, ಬೀದಿಯಲ್ಲಿ ಮಾಡಿದರೆ ಪೋಸ್ಟ್ ಮಾಸ್ಟರಿಗೆ ಕೇಳಿಸುತ್ತದೆ. ಆದ್ದರಿಂದ ಅಳತೆಯವರು ಮೆಟ್ಟಿಲಿನ ನಡುವಿನ ತಿರುವನ್ನು ಆರಿಸಿಕೊಂಡರು. ಆ ತಿರುವಿನ ಕಿಟಕಿಯ ಕೆಳಗೇ ಹೆಡ್ ಮಿಸ್ಸಿನ ಬಾಲ್ಕನಿ ಎಂಬುದು ಅವರ ಲೆಕ್ಕಕ್ಕೆ ಬರಲಿಲ್ಲ.

ಹೆಡ್ ಮಿಸ್ ಮೂವತ್ತು ವರ್ಷ ಶಾಲೆ ನಡೆಸಿ ನಿವೃತ್ತರಾದವರು. ಸಾವಿರಾರು ಮಕ್ಕಳನ್ನು ದಾರಿಗೆ ತಂದ ಮೇಲೆ, ದಾರಿ ತಪ್ಪಿದವರು ಇನ್ನು ಯಾರೂ ಸಿಗುತ್ತಿಲ್ಲವಲ್ಲ ಎಂಬ ಕೊರಗಿನಲ್ಲಿದ್ದವರು. ಅವರು ಬಟ್ಟೆ ಹರವುತ್ತಿದ್ದಾಗ ಮೇಲಿನಿಂದ ಇಳಿದುಬಂದ ಮಾತು ಹೀಗಿತ್ತು.

"ಡಾಕ್ಟರೇ, ಮಾವ ಕುಡೀತಿದಾನೆ."

ಮಿಸ್ಸಿನ ಕೈಯಲ್ಲಿದ್ದ ಲಂಗ ಅರ್ಧ ಹಿಂಡಿದ ಹಾಗೇ ನಿಂತಿತು.

"ದಿನಾ ಡಾಕ್ಟರೇ. ಸರಿಯಾಗಿ ನೂರ ಎಂಬತ್ತು. ನಾನೇ ಅಳತೆ ಮಾಡಿದೀನಿ... ಇಲ್ಲ, ಹೊರಗೆ ಏನೂ ಗೊತ್ತಾಗಲ್ಲ. ಒಂದು ಹನಿ ಚೆಲ್ಲಲ್ಲ. ಎಲ್ಲಾ ಒಳಗೊಳಗೇ... ಓಡಾಟಕ್ಕೇನೂ ತೊಂದರೆ ಇಲ್ಲ. ಏರು ಹತ್ತುವಾಗ ಮಾತ್ರ ಬಿಸಿ ಆಗ್ತಾನೆ... ಬಾಯಿ ತೆಗೆದು ಟಾರ್ಚ್ ಬಿಟ್ಟೂ ನೋಡಿದೆ... ಹಿಂದುಗಡೆನಾ? ಬೆಳಗ್ಗೆ ಬೆಳಗ್ಗೆ ಕರ್ಚೀಫ್ ಹಿಡಿದು ನೋಡಿದೆ. ಹೊಗೆ ಬಿಳಿ ಏನಿಲ್ಲ, ವಾಸನೆ ಇದೆ."

ಆಮೇಲೆ ಅಳತೆಯವರ ದನಿ ನಡುಗಿತು.

"ತಲೆ ಬಿಚ್ಚಿದ್ರೇನೇ ಗೊತ್ತಾಗೋದಾ? ಬೇಡ ಡಾಕ್ಟರೇ, ಭಾನುವಾರ ಮುಗೀಲಿ. ಆಮೇಲೆ ತಲೆ ಬಿಚ್ಚಿ, ಕೈಕಾಲು ಬಿಚ್ಚಿ, ನಿಮ್ಮಿಷ್ಟ. ನನ್ನ ಹೆಂಡತಿಗೆ ಮಾತ್ರ ಗೊತ್ತಾಗಬಾರದು."

ಮಿಸ್ ಲಂಗವನ್ನು ಬಕೆಟ್ಟಿಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು, ಎರಡು ಮಹಡಿ ಹತ್ತಿ ಪೋಸ್ಟ್ ಮಾಸ್ಟರ ಬಾಗಿಲು ತಟ್ಟಿದರು.

ಪೋಸ್ಟ್ ಮಾಸ್ಟರು ಎಲ್ಲವನ್ನೂ ಕೇಳಿ ಕನ್ನಡಕ ಒರೆಸಿಕೊಂಡರು. "ನೂರ ಎಂಬತ್ತು ಅಂದ್ರೆ ಒಂದು ಕ್ವಾರ್ಟರ್ ಬಾಟ್ಲಿ ಮಿಸ್."

"ನಿಮಗೆ ಹೇಗೆ ಗೊತ್ತು?"

"ಪಾರ್ಸೆಲ್ ವಿಭಾಗದಲ್ಲಿ ಕೆಲಸ ಮಾಡಿದೀನಲ್ಲ" ಎಂದು ಅವರು ಅವಸರವಾಗಿ ಮುಂದಿನ ಮಾತಿಗೆ ಹೋದರು. "ಹೆಂಡತಿ ಕಡೆ ಹಿರಿಯರನ್ನ 'ಕುಡೀತಿದಾನೆ' ಅಂತ ಏಕವಚನದಲ್ಲಿ ಅಂದ್ರಾ? ಎಷ್ಟು ನೊಂದಿರಬೇಕು ಆ ಮನುಷ್ಯ."

"ಅದಕ್ಕೇ ಕಾರಿನ ಕೆಳಗೆ ಹೋಗಿ ಮಲಗ್ತಾರೆ ಪಾಪ" ಎಂದರು ಮಿಸ್. ಎಲ್ಲವೂ ಒಂದಕ್ಕೊಂದು ಹೊಂದುತ್ತಿತ್ತು. ತಪ್ಪು ತಿಳಿವಳಿಕೆಯ ಲಕ್ಷಣವೇ ಅದು, ನಿಜಕ್ಕಿಂತ ಚೆನ್ನಾಗಿ ಹೊಂದುತ್ತದೆ.

ಮರುದಿನ ಗೇಟಿನ ಹತ್ತಿರ ಮಿಸ್ ಅಳತೆಯವರ ಹೆಂಡತಿಯ ಕೈ ಹಿಡಿದುಕೊಂಡರು. ಹೆಂಡತಿಗೆ ಕಾರು ಬಿಸಿಯಾಗುತ್ತಿರುವ ವಿಷಯ ಗೊತ್ತೇ ಇತ್ತು. ತನ್ನ ಪೌಡರ್ ಡಬ್ಬ ಇಂಜಿನ್ನಿನ ಮೇಲೆ ಸಿಕ್ಕಿದ್ದರಿಂದ ಅವಳು ಉಳಿದದ್ದನ್ನು ಊಹಿಸಿದ್ದಳು. ಗಂಡನೇ ಹೇಳಲಿ ಎಂದು ಸುಮ್ಮನಿದ್ದಳು, ಅಷ್ಟೆ.

"ಎಲ್ಲಾ ನನ್ನ ಕಿವಿಗೆ ಬಿತ್ತಮ್ಮ. ಸಂಕೋಚ ಪಟ್ಕೋಬೇಡ. ವಯಸ್ಸಾದ ಮೇಲೆ ಇಂಥದೆಲ್ಲಾ ಶುರುವಾಗುತ್ತೆ."

"ಹೌದು ಮಿಸ್. ವಯಸ್ಸೇನು ಕಮ್ಮಿನಾ" ಎಂದಳು ಹೆಂಡತಿ.

"ನಿನ್ನ ಗಂಡ ಏನಂತಾರೆ?"

"ಇವರಿಗೆ ಬಿಡೋಕೆ ಮನಸ್ಸಿಲ್ಲ. ನಾನಾಗಿದ್ರೆ, ಯಾರಾದ್ರೂ ಬಂದು ಕೇಳಿದ್ರೆ ಕೊಟ್ಟುಬಿಡ್ತಿದ್ದೆ."

ಮಿಸ್ ಕೈ ಬಿಟ್ಟರು. "ಕೊಟ್ಟುಬಿಡೋದಾ? ಯಾರಿಗಮ್ಮ?"

"ಯಾರು ತಗೊಂಡ್ರೂ ಸರಿ. ತಗೊಳ್ಳೋರಿಲ್ಲ ಅಂದ್ರೆ ಇದ್ದೇ ಇದೆಯಲ್ಲ, ಗುಜರಿ. ಬೇಜಾರೇನೋ ಆಗುತ್ತೆ, ಚಿಕ್ಕವಳಿದ್ದಾಗಿಂದ ನೋಡಿದ್ದು. ಆದರೆ ಬಾಗಿಲ ಮುಂದೆ ನಿಲ್ಲಿಸ್ಕೊಂಡು ಏನು ಮಾಡೋದು ಹೇಳಿ, ಜಾಗ ಬೇರೆ ದಂಡ."

ಹೆಂಡತಿ ನಗುನಗುತ್ತಾ ಔಷಧದ ಅಂಗಡಿಗೆ ಹೋದಳು. ಮಿಸ್ ಗೇಟು ಹಿಡಿದು ಸ್ವಲ್ಪ ಹೊತ್ತು ನಿಂತರು. ಆ ಸಂಜೆ ಪೋಸ್ಟ್ ಮಾಸ್ಟರ ಮನೆಯಲ್ಲಿ ಸಂಘದ ತುರ್ತು ಸಭೆ ಸೇರಿತು. ಹಾಜರಿದ್ದವರು ಇಬ್ಬರು. ಆ ಹಿರಿಯ ಜೀವವನ್ನು ಕುಡಿತದಿಂದಲೂ, ಡಾಕ್ಟರಿಂದಲೂ, ಹೆತ್ತ ಮಗಳಿಂದಲೂ ಕಾಪಾಡುವುದು ಎಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಶನಿವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಡಾಕ್ಟರು ಕಚೇರಿಯ ಹಿಂದಿನ ಬಯಲಿಗೆ ಬಂದ. ನೀರಿನ ಡಬ್ಬದ ಬಾಯಿಗೆ ಒಂದು ಗಾಳಿಯ ಪಂಪು ಸಿಕ್ಕಿಸಿ, ಅದರ ಮುಳ್ಳು ನೋಡುತ್ತಾ ಹತ್ತು ನಿಮಿಷ ಕೂತ. ಮುಳ್ಳು ಕೂದಲೆಳೆಯಷ್ಟು ಇಳಿಯಿತು.

"ಸೋರ್ತಾ ಇದೆ" ಎಂದ.

"ಅದು ನನಗೂ ಗೊತ್ತು. ಎಲ್ಲಿ?"

"ಅದು ಗೊತ್ತಾಗ್ತಿಲ್ಲ. ಹೊರಗೆಲ್ಲಾ ಒಣಗಿದೆ." ಡಾಕ್ಟರು ಇಂಜಿನ್ನಿನ ಮೇಲೆ ಬೆರಳಾಡಿಸಿ ಮೂಸಿದ. "ಯಾಕೆ ಸಾರ್ ಇದು ಮಗೂ ತರ ವಾಸನೆ ಹೊಡೀತಿದೆ?"

ಅಳತೆಯವರು ಪೌಡರಿನ ವಿಷಯ ಎತ್ತಲಿಲ್ಲ.

"ನೀರು ಮಾಯ ಆಗಲ್ಲ ಸಾರ್" ಎಂದ ಡಾಕ್ಟರು ಕೈ ಒರೆಸುತ್ತಾ. "ಎಲ್ಲೋ ಒಂದು ಕಡೆ ಕೂತಿರುತ್ತೆ. ಸೋಮವಾರ ಶೆಡ್ಡಿಗೆ ತನ್ನಿ, ಬಿಚ್ಚೋಣ. ನಾಳೆ ಹೋಗಲೇಬೇಕು ಅಂದ್ರೆ ಮೀಟರ್ ಮೇಲೆ ಕಣ್ಣಿಟ್ಕೊಂಡು ಓಡಿಸಿ. ಮುಳ್ಳು ಮೇಲೆ ಹೋದ್ರೆ ಹೀಟರ್ ಪೂರ್ತಿ ಹಾಕಿಬಿಡಿ. ಇಂಜಿನ್ ಶಾಖ ಎಳ್ಕೊಂಡು ಒಳಗೆ ಬಿಡುತ್ತೆ. ನಿಮಗೆ ಬಿಸಿ, ಇಂಜಿನ್ನಿಗೆ ತಂಪು."

ಭಾನುವಾರ ಬೆಳಗ್ಗೆ ಮಾವನವರು ಇಳಿದರು. ಹಳೆಯ ನೀಲಿ ಕೋಟು, ಹೊಳೆಯುವ ಬೂಟು, ಕೈಯಲ್ಲೊಂದು ಚರ್ಮದ ಚೀಲ. ಸಂತೋಷಕ್ಕೆ ಮುಖ ಕೆಂಪಾಗಿತ್ತು. ಮೆಟ್ಟಿಲ ಬುಡದಲ್ಲೇ ಕಾದಿದ್ದ ಮಿಸ್ಸೂ ಪೋಸ್ಟ್ ಮಾಸ್ಟರೂ ಆ ಕೆಂಪನ್ನು ನೋಡಿ ಮುಖ ಮುಖ ನೋಡಿಕೊಂಡರು.

ಬಾಯ್ಲರಿನ ಪಕ್ಕದಲ್ಲಿ ಅಷ್ಟು ವರ್ಷ ನಿಂತಿದ್ದರಿಂದ ಮಾವನವರಿಗೆ ಕಿವಿ ಸ್ವಲ್ಪ ಮಂದ. ಪೋಸ್ಟ್ ಮಾಸ್ಟರು ಬಾಯಿ ಅವರ ಕಿವಿಯ ಹತ್ತಿರ ತಂದು, ಆದಷ್ಟು ನಯವಾಗಿ ಕೇಳಿದರು.

"ಸಾರ್, ಈ ಎಣ್ಣೆ ಸಹವಾಸ ಎಷ್ಟು ವರ್ಷದಿಂದ?"

ತಮ್ಮ ದೊಡ್ಡ ದಿನದಂದು ತಮ್ಮ ಕೆಲಸದ ಬಗ್ಗೆ ಕೇಳುವವರು ಸಿಕ್ಕರಲ್ಲ ಎಂದು ಮಾವನವರು ಅರಳಿದರು. "ಹತ್ತೊಂಬತ್ತನೇ ವಯಸ್ಸಿಂದ ಸ್ವಾಮಿ. ನಮ್ಮ ಕೆಲಸದಲ್ಲಿ ಎಣ್ಣೆ ಇಲ್ದೆ ಒಂದು ಹೆಜ್ಜೆ ಮುಂದೆ ಹೋಗೋ ಹಾಗಿಲ್ಲ. ಬೆಳಗ್ಗೆ ಡ್ಯೂಟಿ ಹತ್ತೋ ಮೊದ್ಲು ಎಣ್ಣೆ. ಗಾಡಿ ನಿಂತ ಸ್ಟೇಷನ್ನಲ್ಲೆಲ್ಲಾ ಇಳಿದು ಎಣ್ಣೆ."

"ಗಾಡಿ ತುಂಬ ಜನ ಇರ್ತಿದ್ರಲ್ಲ ಸಾರ್" ಎಂದರು ಮಿಸ್ ಎದೆ ಹಿಡಿದುಕೊಂಡು.

"ಅವರಿಗೋಸ್ಕರಾನೇ ಅಲ್ವೇನಮ್ಮ. ನಾನು ಎಣ್ಣೆ ಬಿಟ್ಟಿದ್ರೆ ಅವರು ಯಾರೂ ಊರು ಸೇರ್ತಿರಲಿಲ್ಲ." ಮಾವನವರು ಚರ್ಮದ ಚೀಲ ತಟ್ಟಿದರು. ಅದರೊಳಗೆ ಅವರ ಹಳೆಯ ಎಣ್ಣೆಯ ಕೊಳವೆಡಬ್ಬಿ ಟಣ್ ಎಂದಿತು. "ಇವತ್ತೂ ತಂದಿದೀನಿ. ಕೈ ಕೇಳಬೇಕಲ್ಲ."

ಅಳತೆಯವರು ಕಾರು ತಂದು ನಿಲ್ಲಿಸುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಹೆಂಡತಿಯ ಆ ಪಕ್ಕ ಮಿಸ್, ಈ ಪಕ್ಕ ಪೋಸ್ಟ್ ಮಾಸ್ಟರು ಏರಿ ಕೂತಾಗಿತ್ತು. "ನಾವೂ ಬರ್ತೀವಿ, ಇಂಜಿನ್ ನೋಡಿದ ಹಾಗಾಯ್ತು" ಎಂದರು ಮಿಸ್. ಕುಡಿಯುವವರಿಗೆ ಬಾಯಾರಿಕೆ ಜಾಸ್ತಿಯೆಂದು ಎಲ್ಲೋ ಓದಿದ್ದರಿಂದ ಅವರ ತೊಡೆಯ ಮೇಲೆ ಐದು ಲೀಟರಿನ ನೀರಿನ ಕ್ಯಾನು ಕೂತಿತ್ತು. ಹೆಂಡತಿ ಇದನ್ನು ನೆರೆಹೊರೆಯ ಪ್ರೀತಿ ಎಂದುಕೊಂಡಳು. ಅಳತೆಯವರು ಮಾತ್ರ ಮನಸ್ಸಿನಲ್ಲೇ ಐದು ಜನರ ತೂಕ ಕೂಡಿ, ಏರು ನೆನೆದು, ಬೆವರಿದರು.

ಸಮತಟ್ಟು ದಾರಿಯಲ್ಲಿ ಎಲ್ಲ ಚೆನ್ನಾಗಿತ್ತು. ಮಾವನವರು ಕಿಟಕಿಯ ಮೇಲೆ ಮೊಣಕೈಯಿಟ್ಟು, ಎದುರಾದ ಎಮ್ಮೆಗಳಿಗೆಲ್ಲ ಕೈ ಬೀಸುತ್ತಿದ್ದರು. ಗುಡ್ಡದ ಮೂರನೆಯ ತಿರುವಿನಲ್ಲಿ ಮೀಟರಿನ ಮುಳ್ಳು ಎದ್ದಿತು. ನಾಲ್ಕನೆಯ ತಿರುವಿನಲ್ಲಿ ಕೆಂಪು ಗೆರೆಯ ಬುಡ ಮುಟ್ಟಿತು. ಅಳತೆಯವರು ಉಸಿರು ಹಿಡಿದು, ಸೆಕೆಗಾಲದ ಹತ್ತು ಗಂಟೆಯ ಬಿಸಿಲಿನಲ್ಲಿ, ಹೀಟರನ್ನು ಪೂರ್ತಿ ತಿರುಗಿಸಿದರು.

ಒಳಗೆ ಬಿಸಿಗಾಳಿ ಬುಸುಗುಟ್ಟಿತು.

"ರೀ, ಏನ್ರೀ ಇದು?" ಎಂದಳು ಹೆಂಡತಿ.

"ಆರೋಗ್ಯಕ್ಕೆ ಒಳ್ಳೇದು" ಎಂದರು ಅಳತೆಯವರು. ಅವರ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಬೆವರು ಹೋದ್ರೆ ಒಳಗಿರೋದೆಲ್ಲಾ ಹೋಗುತ್ತೆ" ಎಂದು ಮಿಸ್ ಮೆಚ್ಚಿಕೊಂಡರು. ಅಳಿಯ ಮಾವನವರಿಗೆ ಚಿಕಿತ್ಸೆ ಶುರು ಮಾಡಿದ್ದಾರೆಂದು ಅವರ ನಂಬಿಕೆ.

ಎರಡು ನಿಮಿಷದಲ್ಲಿ ಮುಂದಿನ ಗಾಜು ಒಳಗಿನಿಂದ ಮಂಜು ಕವಿದ ಹಾಗೆ ಬೆಳ್ಳಗಾಯಿತು. ಅಳತೆಯವರು ಒಂದು ಕೈಯಲ್ಲಿ ಒರೆಸುತ್ತಾ ಒಂದು ಕೈಯಲ್ಲಿ ಓಡಿಸುತ್ತಾ ಹೋದರು. ಹಿಂದೆಯೇ ಒಂದು ವಾಸನೆ ಎದ್ದಿತು, ಸಿಹಿಯಾಗಿ, ಸ್ವಲ್ಪ ಹುಳಿ ಬಂದ ಹಣ್ಣಿನ ಹಾಗೆ. ಪೋಸ್ಟ್ ಮಾಸ್ಟರು ಮೂಗರಳಿಸಿದರು. ಪಾರ್ಸೆಲ್ ವಿಭಾಗದ ಅನುಭವ ಎಚ್ಚೆತ್ತಿತು.

"ಸಾರ್" ಎಂದರು ಮುಂದೆ ಬಾಗಿ, "ಬಾಟ್ಲಿ ಎಲ್ಲಿದೆ?"

"ಯಾವ ಬಾಟ್ಲಿ?" ಎಂದರು ಮಾವನವರು.

"ಮುಚ್ಚಿಟ್ಟು ಪ್ರಯೋಜನ ಇಲ್ಲ ಸಾರ್. ವಾಸನೆ ಬಂದಾಯ್ತು. ಒಡೆದೂ ಹೋಗಿದೆ ಅನ್ಸುತ್ತೆ." ಹೀಗೆಂದು ಪೋಸ್ಟ್ ಮಾಸ್ಟರು ಮುಂದಿನ ಸೀಟಿನ ಪಕ್ಕದಿಂದ ತೋಳು ತೂರಿಸಿ, ಮಾವನವರ ಬೂಟಿನ ಮುಂದೆ, ಕಾಲಡಿಯ ಹಾಸಿನ ಕೆಳಗೆ ಕೈ ಹಾಕಿ ತಡಕಿದರು. ಬಾಟ್ಲಿ ಸಿಗಲಿಲ್ಲ. ಕೈ ಮಣಿಕಟ್ಟಿನವರೆಗೆ ಹಸಿರಾಗಿ, ತೊಟ್ಟಿಕ್ಕುತ್ತಾ ಹೊರಬಂತು.

ಅಳತೆಯವರು ಆ ಕೈಯನ್ನು ನೋಡಿದರು. ಕಾರನ್ನು ಪಕ್ಕಕ್ಕೆ ತಂದು, ನಿಲ್ಲಿಸಿ, ಮತ್ತೊಮ್ಮೆ ನೋಡಿದರು. ಆಮೇಲೆ ಆ ಹಸಿರು ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು, "ಪೋಸ್ಟ್ ಮಾಸ್ಟರೇ, ಸಿಕ್ತು. ಮೂರು ವಾರದಿಂದ ಹುಡುಕ್ತಿದ್ದೆ, ನೀವು ಒಂದೇ ಸಲಕ್ಕೆ ಹಿಡಿದುಬಿಟ್ರಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

"ನಿಮ್ಮ ಮಾವನವರ ಬಾಟ್ಲಿ ತಾನೆ?"

"ಮಾವನವರದ್ದಲ್ಲ, ಮಾವಂದು. ಮಾವ ಅಂದ್ರೆ ಕಾರು. ಏಕವಚನ."

ರಸ್ತೆಯ ಪಕ್ಕದಲ್ಲಿ ಐದೂ ಜನ ಇಳಿದು ನಿಂತರು. ವ್ಯಾಕರಣ ಬಿಡಿಸಿ ಹೇಳಲು ಹತ್ತು ನಿಮಿಷ ಹಿಡಿಯಿತು. ನೂರ ಎಂಬತ್ತು ಕುಡಿದವನು ಯಾರು, ತಲೆ ಬಿಚ್ಚಿಸಿಕೊಳ್ಳಬೇಕಾದವನು ಯಾರು, ಗುಜರಿಗೆ ಹೋಗಬೇಕಾದವನು ಯಾರು ಎಂದು ಒಂದೊಂದೇ ತಿಳಿಯುತ್ತಾ ಹೋದಂತೆ ಮಿಸ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರು ಅಳುತ್ತಿದ್ದಾರೆಂದು ಹೆಂಡತಿ ಸಮಾಧಾನಕ್ಕೆ ಹೋದಳು. ಹತ್ತಿರ ಹೋದ ಮೇಲೆ, ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು.

ನಗದವರು ಮಾವನವರು ಒಬ್ಬರೇ. ಅವರು ಒಂದು ಬೂಟು ಕಳಚಿ, ಹಸಿರಾದ ಕಾಲುಚೀಲವನ್ನು ಹಿಂಡುತ್ತಾ ಅಳಿಯನನ್ನು ನೋಡುತ್ತಿದ್ದರು.

"ಅಳಿಯಂದ್ರೇ, ಇಂಜಿನ್ ಕೆಲಸ ಬರುತ್ತೆ ಅಂದಿದ್ರಿ."

"ಬರಲ್ಲ ಮಾವನವರೇ" ಎಂದರು ಅಳತೆಯವರು. "ಒಂದು ಚೂರೂ ಬರಲ್ಲ. ನೀರು ಅಳೆಯೋದು ಬಿಟ್ಟು ನನಗೆ ಏನೂ ಗೊತ್ತಿಲ್ಲ. ನಿಮ್ಮ ಮುಂದೆ ಹಾಗನ್ನೋಕೆ ನಾಚಿಕೆ ಆಯ್ತು."

ಮಾವನವರು ಇನ್ನೊಂದು ಬೂಟನ್ನೂ ಕಳಚಿದರು. "ನನಗೂ ನಾಚಿಕೆ ಆಗಿತ್ತು" ಎಂದರು. "ಎರಡು ವರ್ಷ ಹುಡುಕಿದೆ ನಾನು, ಇದೇ ಸೋರಿಕೆನ. ಸಿಗಲಿಲ್ಲ. ಇಂಜಿನ್ ಡ್ರೈವರ್ ಕೈಯಲ್ಲಿ ಆಗಲಿಲ್ಲ ಅಂದ್ರೆ ಊರವರು ನಗ್ತಾರೆ ಅಂತ ನಿಮಗೆ ಕೊಟ್ಟುಬಿಟ್ಟೆ."

"ಅಪ್ಪಾ" ಎಂದಳು ಮಗಳು.

"ದಿನಾ ನೀರು ನೋಡಿ ಅಂತ ಹೇಳಿದ್ನಲ್ಲ ಪುಟ್ಟಿ" ಎಂದು ಮಾವನವರು ಗೊಣಗಿದರು, ಅದರಲ್ಲಿ ತಮ್ಮ ಪ್ರಾಮಾಣಿಕತೆಯೆಲ್ಲ ಇದೆಯೆನ್ನುವಂತೆ.

ಗಂಟೆ ಹತ್ತೂ ಕಾಲು. ಸೋರುತ್ತಿದ್ದದ್ದು ಹೀಟರು. ಇಂಜಿನ್ನಿನ ಬಿಸಿ ನೀರು ಒಂದು ಪೈಪಿನಲ್ಲಿ ಕಾರಿನೊಳಗಿನ ಹೀಟರಿಗೆ ಹೋಗಿ ಇನ್ನೊಂದು ಪೈಪಿನಲ್ಲಿ ವಾಪಸು ಬರುತ್ತದೆ. ಆ ಹೀಟರಿನಲ್ಲಿ ಎಲ್ಲೋ ಸೂಜಿಮೊನೆಯಷ್ಟು ತೂತು. ನೀರು ಹಾಸಿನ ಕೆಳಗಿನ ದಪ್ಪ ಮೆತ್ತೆಗೆ ಇಳಿದು ಅಲ್ಲೇ ಹೀರಿಕೊಂಡು ಕೂರುತ್ತಿದ್ದುದರಿಂದ ಹೊರಗೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಜಾಗ ಗೊತ್ತಾದ ಮೇಲೆ ಮಾವನವರಿಗೆ ಮೂವತ್ತೆಂಟು ವರ್ಷದ ಕಸುಬು ಮರಳಿ ಬಂತು. ಬರಿಗಾಲಲ್ಲಿ ಬಾನೆಟ್ಟಿನ ಮುಂದೆ ನಿಂತು ಆಜ್ಞೆ ಕೊಡತೊಡಗಿದರು.

"ಹೀಟರಿಗೆ ಹೋಗೋ ಪೈಪಿನ ತುದಿ ಬಿಚ್ಚಿ. ವಾಪಸ್ ಬರೋ ಪೈಪನ್ನ ಪೂರ್ತಿ ತೆಗೆದುಹಾಕಿ. ಮೊದಲನೇ ಪೈಪನ್ನ ತಿರುಗಿಸಿ ತಂದು ಇಂಜಿನ್ನಿನ ಈ ಬಾಯಿಗೇ ಸಿಕ್ಕಿಸಿ. ನೀರು ಒಳಗೆ ಹೋಗೋದೇ ಬೇಡ, ಇಲ್ಲೇ ಸುತ್ತಿಕೊಂಡು ವಾಪಸ್ ಬರಲಿ."

"ನಾನಾ?" ಎಂದರು ಅಳತೆಯವರು.

"ಕೋಟಿಗೆ ಮಸಿ ಆಗುತ್ತಲ್ಲ ನಂದು."

ಇಂಜಿನ್ ತಣಿಯಲು ಕಾಯಲೇಬೇಕಿತ್ತು. ಹದಿನೈದು ನಿಮಿಷ ಮಿಸ್, ಮಾವನವರಿಗೆ ಕೊಡಲೆಂದು ತಂದಿದ್ದ ಪುಸ್ತಕದಿಂದ ಇಂಜಿನ್ನಿಗೆ ಗಾಳಿ ಬೀಸಿದರು. 'ಕುಡಿತ ಬಿಡುವ ಹನ್ನೆರಡು ದಾರಿಗಳು' ಎಂಬ ಆ ಪುಸ್ತಕ ಗಾಳಿಗೆ ಚೆನ್ನಾಗಿತ್ತು. ಆಮೇಲೆ ಅಳತೆಯವರು ಸ್ಕ್ರೂಡ್ರೈವರ್ ಹಿಡಿದು ಇಂಜಿನ್ನಿನೊಳಗೆ ಅರ್ಧ ಮುಳುಗಿದರು. ಬೆರಳು ಸುಟ್ಟುಕೊಂಡರು. ಪೈಪು ಬಿಗಿಯುವ ಪಟ್ಟಿಯ ತಿರುಪನ್ನು ಎರಡು ಸಲ ಬೀಳಿಸಿದರು, ಎರಡು ಸಲವೂ ಪೋಸ್ಟ್ ಮಾಸ್ಟರು ಕಾರಿನ ಕೆಳಗೆ ಮಲಗಿ ಹುಡುಕಿ ಕೊಟ್ಟರು. ಪೈಪು ಬಾಯಿಗೆ ಕೂತು ತಿರುಪು ಬಿಗಿಯಾದಾಗ ಅಳತೆಯವರ ಎದೆಯೊಳಗೂ ಏನೋ ಒಂದು ಸರಿಯಾಗಿ ಕೂತ ಹಾಗಾಯಿತು. ಮಿಸ್ಸಿನ ಕ್ಯಾನಿನ ನೀರು ಮಾವನವರ ಬದಲು ಮಾವನ ಹೊಟ್ಟೆ ಸೇರಿತು. ಎಷ್ಟು ಹಿಡಿಯಿತು ಎಂದು ಅಳತೆಯವರು ನೋಡಲಿಲ್ಲ. ಹೊತ್ತಿರಲಿಲ್ಲ.

ಯಾರ್ಡು ತಲುಪಿದಾಗ ಹನ್ನೊಂದು ದಾಟಿ ಆರು ನಿಮಿಷ. ಮುಳ್ಳು ಉದ್ದಕ್ಕೂ ನಡುಗೆರೆ ಬಿಟ್ಟು ಕದಲಿರಲಿಲ್ಲ. ಹಳಿಯ ಮೇಲೆ ಕಪ್ಪು ಇಂಜಿನ್ ಹೊಸದಾಗಿ ಸ್ನಾನ ಮಾಡಿಸಿದ ಆನೆಯ ಹಾಗೆ ನಿಂತು ಉಸಿರು ಬಿಡುತ್ತಿತ್ತು. ಸುತ್ತ ಇನ್ನೂರು ಮುನ್ನೂರು ಜನ. ಯಾರ್ಡಿನ ಅಧಿಕಾರಿ ಗಡಿಯಾರ ನೋಡಿಕೊಳ್ಳುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದರು. ಕಾರಿನಿಂದ ಕಾಲುಚೀಲವಿಲ್ಲದ ಡ್ರೈವರು, ಮಸಿ ಮೆತ್ತಿದ ಗುಮಾಸ್ತರು, ಒಂದು ಕೈ ಹಸಿರಾದ ಪೋಸ್ಟ್ ಮಾಸ್ಟರು ಇಳಿದದ್ದನ್ನು ಕಂಡು ಅವರು ಒಂದು ಕ್ಷಣ ಯಾರಿಗೆ ಕೈ ಮುಗಿಯಬೇಕೆಂದು ತಿಳಿಯದೆ ಮೂವರಿಗೂ ಮುಗಿದರು.

ಮಾವನವರು ಚೀಲದಿಂದ ಕೊಳವೆಡಬ್ಬಿ ತೆಗೆದು ಇಂಜಿನ್ನನ್ನು ಒಂದು ಸುತ್ತು ಬಂದು ಕೀಲುಗಳಿಗೆಲ್ಲ ಎಣ್ಣೆ ಬಿಟ್ಟರು. ಕಂಬಿ ಹಿಡಿದು ಮೇಲೆ ಹತ್ತಿದರು. ಎಪ್ಪತ್ತಾರು ವರ್ಷದ ಮೊಣಕಾಲು ಆ ಮೂರು ಮೆಟ್ಟಿಲನ್ನು ಮರೆತಿರಲಿಲ್ಲ. ಕೈ ಮೇಲೆತ್ತಿ, ಹಗ್ಗ ಹಿಡಿದು, ಎಳೆದರು. ಎರಡು ಸಣ್ಣ ಸೀಟಿ, ಆಮೇಲೆ ಒಂದು ಉದ್ದ, ಕೊನೆಯಲ್ಲಿ ಸ್ವಲ್ಪ ಬಾಗಿದ ದನಿ. ಗುಡ್ಡದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು.

ಜನರ ನಡುವೆ ನಿಂತಿದ್ದ ಮಗಳು, ನಲವತ್ತು ದಾಟಿದ ಹೆಂಗಸು, "ಅಪ್ಪ ಬಂದ್ರು" ಎಂದು ಎರಡು ಹೆಜ್ಜೆ ಓಡಿದಳು. ಆಮೇಲೆ ತಾನೇ ನಿಂತು, ಗಂಡನ ಕಡೆ ತಿರುಗಿ, "ಚಿಕ್ಕಂದಿನಲ್ಲಿ ಹೊರಗಿನ ಸಿಗ್ನಲ್ ಹತ್ರಾನೇ ಹೀಗೆ ಊದ್ತಿದ್ರು. ಅದು ಕೇಳಿದ ಕೂಡಲೇ ಅಮ್ಮ ಮನೇಲಿ ಒಲೆ ಹಚ್ಚೋಳು" ಎಂದು ಕಣ್ಣೊರೆಸಿಕೊಂಡಳು. ಅಳತೆಯವರು ತಮ್ಮ ಕರ್ಚೀಫು ಕೊಟ್ಟರು. ಅವಳ ಕೆನ್ನೆಯ ಮೇಲೆ ಒಂದು ಕಪ್ಪು ಗೆರೆ ಮೂಡಿತು. ಅವಳು ಒರೆಸಲಿಲ್ಲ.

ಕಾರ್ಯಕ್ರಮದ ಪ್ರಕಾರ ಸೀಟಿ ಒಂದು ಸಲ. ಮಾವನವರು ಏಳು ಸಲ ಊದಿದರು. ಅಧಿಕಾರಿ ಕೆಳಗಿನಿಂದ "ಸಾಕು ಸಾರ್, ಹಬೆ ಖಾಲಿ ಆಗುತ್ತೆ" ಎಂದು ಕೂಗಿದರು. ಮಾವನವರ ಕಿವಿ ಮಂದ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಅವರು ಬಗ್ಗಿ, "ಯಾರಿಗಾದ್ರೂ ಎಳೀಬೇಕಾ?" ಎಂದು ಕೇಳಿದರು. ಮೊದಲು ಕೈ ಎತ್ತಿದವರು ಹೆಡ್ ಮಿಸ್. ಮೂವತ್ತು ವರ್ಷ 'ಸದ್ದು ಮಾಡಬೇಡಿ' ಎಂದು ಹೇಳಿ ಬಂದವರು, ಸೆರಗು ಸಿಕ್ಕಿಸಿ ಮೇಲೆ ಹತ್ತಿ, ಹಗ್ಗ ಹಿಡಿದು ಜೋತುಬಿದ್ದರು. ಅವರನ್ನು ಕೆಳಗಿಳಿಸಲು ಪೋಸ್ಟ್ ಮಾಸ್ಟರು ಬೇಕಾಯಿತು. ಪೋಸ್ಟ್ ಮಾಸ್ಟರನ್ನು ಇಳಿಸಲು ಇಬ್ಬರು ಬೇಕಾಯಿತು. ಹೊತ್ತು ಕಳೆಯುವುದರೊಳಗೆ ಇಂಜಿನ್ನಿನ ಪಕ್ಕ ಉದ್ದನೆಯ ಸಾಲು ಬೆಳೆಯಿತು. ಅಧಿಕಾರಿ ಬೇಡ ಬೇಡ ಎನ್ನುತ್ತಾ ತಾವೂ ಅದರಲ್ಲಿ ನಿಂತರು.

ಅಳತೆಯವರ ಸರದಿ ಬರುವ ಹೊತ್ತಿಗೆ ಹಬೆ ಬಹಳ ಇಳಿದಿತ್ತು. ಮಾವನವರು ಅವರ ಕೈಯಲ್ಲಿ ಹಗ್ಗವಿಟ್ಟು, "ಎಳೀರಿ ಅಳಿಯಂದ್ರೇ, ಹೆದರಬೇಡಿ" ಎಂದರು. ಅಳತೆಯವರು ಕಣ್ಣು ಮುಚ್ಚಿ ಎಳೆದರು. ಕುಯ್ಯ್ ಎಂದು ಒಂದು ಸಣ್ಣ ದನಿ ಬಂದು, ತಡವರಿಸಿ, ನಿಂತಿತು.

ಮಾವನವರು ತಲೆ ಓರೆ ಮಾಡಿ ಆ ದನಿಯ ಬಾಲವನ್ನು ಕೊನೆಯವರೆಗೂ ಕೇಳಿಸಿಕೊಂಡರು.

"ಚೆನ್ನಾಗಿತ್ತು" ಎಂದರು. "ಗಾಡಿ ಬಿಡ್ತಾ ಇದೀನಿ ಅಂತ ಹೇಳಿದ ಹಾಗಿರಲಿಲ್ಲ. ಬಿಡ್ಲಾ ಅಂತ ಕೇಳಿದ ಹಾಗಿತ್ತು."

ಕುಲುಮೆಗೆ ಮತ್ತೆ ಕಲ್ಲಿದ್ದಲು ಬಿತ್ತು. ಅಳತೆಯವರು ಕೆಳಗಿಳಿದು, ಮಸಿ ಮೆತ್ತಿದ ಕೈಯನ್ನು ಪ್ಯಾಂಟಿಗೇ ಒರೆಸಿಕೊಂಡು, ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತುಕೊಂಡರು.